ಸೌಂಡ್ ತೆಗೆದು ನೋಡಿದ ಪಾಠ

ಮಧುವನಹಳ್ಳಿ
12-2-2025, ಬುಧವಾರ

ಪ್ರೀತಿಯ ತಮ್ಮ ಶಾಂತಮೂರ್ತಿಗೆ,

ನಿನ್ನಕ್ಕ ಪುಟ್ಟಮಲ್ಲಮ್ಮನ ಆಶೀರ್ವಾದ. ಮಾದಪ್ಪ ನಿನ್ನ ನೆತ್ತಿ ಕಾಯಲಿ. ಮಂಡಿ ನೋವು ಹೆಂಗಿದೆ? ದೀಪಾವಳಿಗೆ ಬಂದಾಗ ಜಗುಲಿ ಹತ್ತೋಕೇ ಗೋಡೆ ಹಿಡ್ಕೊಂಡೆ, ಏನ್ಲಾ ಅಂದ್ರೆ ‘ಏನಿಲ್ಲ ಬುಡಕ್ಕ’ ಅಂದೆ. ಏನಿಲ್ಲ ಅನ್ನೋದು ನಿನ್ನ ಹುಟ್ಟುಗುಣ. ಹಾವು ಕಚ್ಚಿದ್ರೂ ಏನಿಲ್ಲ ಅಂತಲೇ ಅಂತೀಯ ನೀನು. ನಾನು ಕೊಟ್ಟ ಎಣ್ಣೆ ಹಚ್ಕೊಂಡ್ಯಾ, ಇಲ್ಲ ಜೊತೇಲಿರೋ ಫಾರೆಸ್ಟ್ ವಾಚರುಗಳಿಗೆಲ್ಲ ಹಂಚಿ ಧರ್ಮರಾಯ ಅನ್ನಿಸ್ಕೊಂಡ್ಯಾ? ಆ ಗೋಪಿನಾಥಂ ಕಾಡಿನ ಕ್ಯಾಂಪಲ್ಲಿ ಆನೆ ಕಾಟ ಜಾಸ್ತಿ ಆಗಿದೆ ಅಂತ ಕೇಳ್ದೆ. ಕತ್ತಲಾದ ಮೇಲೆ ಹೊರಗೆ ಹೋಗಬೇಡ. ಹೊತ್ತಿಗೆ ಸರಿಯಾಗಿ ಮುದ್ದೆ ಉಣ್ಣು. ನಾನು ಚೆನ್ನಾಗಿದ್ದೀನಿ. ಬಿಪಿ ಮಾತ್ರ ಏರಿ ಕೂತದೆ, ಅದನ್ನ ಏರಿಸಿದವರು ಯಾರು ಅನ್ನೋದು ಮುಂದೆ ಓದು, ಗೊತ್ತಾಗ್ತದೆ. ನಿನ್ನ ಮಗಳು ಪುಷ್ಪ ನನಗಿಂತ ಚೆನ್ನಾಗಿದ್ದಾಳೆ. ನಿನ್ನೆ ಅವರೆಕಾಳು ಉಪ್ಪೆಸರು ಮಾಡಿದ್ಲು, ಉಪ್ಪು ಹಾಕೋದು ಮರೆತಿದ್ಲು, ನಾನು ಮುಖ ಕಿವುಚಿದ್ದಕ್ಕೆ ನನ್ನ ಮುಖವನ್ನೇ ಅಣಕಿಸಿ ತೋರಿಸಿದ್ಲು.

ಈಗ ವಿಷಯಕ್ಕೆ ಬರ್ತೀನಿ. ನಿನ್ನ ಕ್ಯಾಂಪಿಗೆ ಫೋನು ಸಿಕ್ಕೋದಿಲ್ಲ, ಅದಕ್ಕೇ ಈ ಕಾಗದ. ಪುಷ್ಪನ ಕಾಲೇಜಿನ ಪ್ರಿನ್ಸಿಪಾಲ, ಆ ಶಿವಕುಮಾರಸ್ವಾಮಿ, ನಿಮ್ಮ ರೇಂಜ್ ಆಫೀಸಿಗೆ ಫೋನ್ ಮಾಡಿ, ಸೋಮವಾರ ನೀನು ಕೊಳ್ಳೇಗಾಲಕ್ಕೆ ಬಂದು ಮಗಳ ಟಿಸಿ ಈಸ್ಕೊಂಡು ಹೋಗಬೇಕು ಅಂತ ಹೇಳಿಸಿದ್ನಂತೆ. ನೀನು ‘ಆಯ್ತು ಸಾ, ಬತ್ತೀನಿ’ ಅಂತ ಹೇಳಿ ಕಳಿಸಿದ್ಯಂತೆ. ಆ ಪ್ರಿನ್ಸಿಪಾಲ ಹಲ್ಲು ಕಿರಿದು ನನಗೇ ಈ ಮಾತು ಹೇಳ್ದ. ಯಾಕೆ, ಏನು, ನನ್ನ ಮಗಳು ಏನು ಮಾಡಿದ್ಲು ಅಂತ ಒಂದು ಮಾತು ನೀನು ಕೇಳಬಾರದಾ? ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಜಾತಿ ಕಣ್ಲಾ ನೀನು! ಡಿಗ್ರಿ ಕೊನೇ ವರ್ಷ, ಕೊನೇ ಪರೀಕ್ಷೆ ಹತ್ರ ಬಂದದೆ. ಈಗ ಟಿಸಿ ಕೊಟ್ಟು ಹೊರಗೆ ಹಾಕಿದ್ರೆ ಅವಳು ಇಲ್ಲೀವರೆಗೆ ಓದಿದ್ದೆಲ್ಲ ಹೊಳೇಲಿ ಹುಣಸೆಹಣ್ಣು ತೊಳೆದ ಹಂಗೆ. ಅದಕ್ಕೆ ಮೊದಲು ನಡೆದದ್ದು ಏನು ಅಂತ ಓದು, ಆಮೇಲೆ ಯಾರಿಗೆ ಬೇಕಾದ್ರೂ ‘ಆಯ್ತು ಸಾ’ ಅನ್ನು.

ಮೈಸೂರಿನ ಕಿವುಡ ಮಕ್ಕಳ ಶಾಲೇಲಿ ಪಿಯುಸಿ ಮುಗಿಸಿ ಅವಳು ಈ ಕಾಲೇಜಿಗೆ ಸೇರಿದ ದಿನ ಇದೇ ಪ್ರಿನ್ಸಿಪಾಲ ಅವಳಿಗೆ ಹೂಗುಚ್ಛ ಕೊಟ್ಟು ಫೋಟೋ ತೆಗೆಸ್ಕೊಂಡ, ನೆನಪದ್ಯಾ? ನೀನೂ ಆ ಫೋಟೋದಲ್ಲಿ ಹಿಂದೆ ಕೈ ಕಟ್ಕೊಂಡು ನಿಂತಿದ್ದೆ. ಹೂಗುಚ್ಛ ಬಾಡಿದ ಮೇಲೆ ಅವಳ ಕಡೆ ತಿರುಗಿ ನೋಡಿದವರು ಯಾರೂ ಇಲ್ಲ. ಅರ್ಥಶಾಸ್ತ್ರದ ಮೇಷ್ಟ್ರು ಪ್ರಭುಸ್ವಾಮಿ ಅಂತ ಒಬ್ಬ ಇದ್ದಾನೆ. ಬೋರ್ಡಿನ ಕಡೆ ಮುಖ ಮಾಡ್ಕೊಂಡು ಪಾಠ ಶುರು ಮಾಡಿದ್ರೆ ಬೆಲ್ ಹೊಡೆಯೋವರೆಗೂ ಆಯಪ್ಪ ಈ ಕಡೆ ತಿರುಗೋದಿಲ್ಲ. ತುಟಿಯಾದ್ರೂ ನೋಡಿ ಅರ್ಧಂಬರ್ಧ ತಿಳ್ಕೊಳ್ಳೋಣ ಅಂದ್ರೆ ಆ ತುಟಿ ಬೋರ್ಡಿಗೆ ಮೀಸಲು. ಕಿವಿ ಕೇಳದವರ ಸನ್ನೆ ಭಾಷೇಲಿ ಪ್ರತಿಯೊಬ್ಬರಿಗೂ ಒಂದು ಹೆಸರು ಇಡ್ತಾರೆ, ಗೊತ್ತಾ? ಪ್ರಭುಸ್ವಾಮಿಗೆ ನಿನ್ನ ಮಗಳು ಇಟ್ಟಿರೋ ಹೆಸರು ತಲೆ ಹಿಂದಿನ ಬೋಳು ಸವರೋದು. ನಾನು ನಕ್ಕು ನಕ್ಕು ಸುಸ್ತಾದೆ. ಅವಳು ನಗಲಿಲ್ಲ, ಅವಳಿಗೆ ಆಯಪ್ಪನ ಗುರುತು ಇರೋದೇ ಅದು ಅಂದ್ಲು.

ಆಮೇಲೆ ಕಾಲೇಜಿಗೆ ಎಲ್ಲಿಂದಲೋ ಅನುದಾನ ಬಂತು. ಕಿವಿ ಕೇಳದ ವಿದ್ಯಾರ್ಥಿಗಳಿಗೆ ಡಿಜಿಟಲ್ ಪಾಠ ಮಾಡಿಸಿ ಕೊಡಬೇಕು ಅಂತ. ಗೇಟಿನ ಮೇಲೆ ಬ್ಯಾನರು ಕಟ್ಟಿದ್ರು, ಅದರಲ್ಲಿ ಪುಷ್ಪನ ಮುಖಕ್ಕಿಂತ ಪ್ರಿನ್ಸಿಪಾಲನ ಮುಖ ದೊಡ್ಡದು. ಒಂದು ಪೆನ್ ಡ್ರೈವಿಗೆ ರಿಬ್ಬನ್ನು ಕಟ್ಟಿ ಅವಳ ಕೈಗೆ ಕೊಟ್ರು. ಮನೆಗೆ ತಂದು ಪಕ್ಕದ ಮನೆಯವರ ಲ್ಯಾಪ್‌ಟಾಪಿಗೆ ಹಾಕಿ ನೋಡ್ತೀವಿ, ಬರೀ ಮಾತು ಕಣ್ಲಾ! ಚಿತ್ರ ಇಲ್ಲ, ಅಕ್ಷರ ಇಲ್ಲ, ಪ್ರಭುಸ್ವಾಮಿ ಗಂಟಲು ಸರಿ ಮಾಡ್ಕೊಂಡು ಪುಸ್ತಕ ಓದ್ತಾ ಇರೋದು ಅಷ್ಟೇ. ಕಣ್ಣು ಕಾಣದ ಮಕ್ಕಳಿಗೆ ಮಾಡಬೇಕಾದ್ದನ್ನ ಕಿವಿ ಕೇಳದವಳಿಗೆ ಮಾಡಿದ್ರು. ಇಬ್ಬರೂ ಒಂದೇ ಅಂಗವಿಕಲ ಸರ್ಟಿಫಿಕೇಟಿನವರು ಅಂದ ಮೇಲೆ ಸಾಮಾನೂ ಒಂದೇ ಅನ್ನೋ ಲೆಕ್ಕ ಇರಬೇಕು. ನಾನು ಪೆನ್ ಡ್ರೈವು ಹಿಡ್ಕೊಂಡು ಕಾಲೇಜಿಗೆ ಹೋದೆ. ಅಲ್ಲಿ ಕಂಪ್ಯೂಟರ್ ನೋಡ್ಕೊಳ್ಳೋನು ಏನಂದ ಗೊತ್ತಾ? ‘ಸೌಂಡ್ ಫುಲ್ ಇಟ್ಕೊಂಡ್ರೆ ಸರಿ ಹೋಯ್ತದೆ ಕಣಮ್ಮ’ ಅಂದ. ಕಿವುಡರ ಮುಂದೆ ಶಂಖ ಊದೋದು ಅಂತ ಗಾದೇಲಿ ಕೇಳಿದ್ದೆ. ಸರ್ಕಾರದ ದುಡ್ಡಲ್ಲಿ ಊದೋದನ್ನ ಅವತ್ತು ಕಣ್ಣಾರೆ ಕಂಡೆ.

ಹಂಗಾದ್ರೆ ಅವಳು ಪಾಸಾಗ್ತಾ ಬಂದಿದ್ದು ಹೆಂಗೆ ಅಂತ ನೀನು ಯಾವತ್ತಾದ್ರೂ ಯೋಚನೆ ಮಾಡಿದ್ಯಾ? ಇಲ್ಲ. ಮಾರ್ಕ್ಸ್ ಕಾರ್ಡು ನೋಡಿ ‘ದೇವರು ದೊಡ್ಡೋನು’ ಅಂದೆ. ದೇವರು ದೊಡ್ಡೋನೇ, ಆದ್ರೆ ಅರ್ಥಶಾಸ್ತ್ರ ಹೇಳಿಕೊಟ್ಟವನು ದೇವರಲ್ಲ, ಯಳಂದೂರು ಕಡೆ ಮಾಂಬಳ್ಳಿಯ ಬಸವರಾಜು. ಅವನಿಗೂ ಕಿವಿ ಕೇಳೋದಿಲ್ಲ. ಅವಳ ಶಾಲೇಲೇ ಅವಳಿಗಿಂತ ಮುಂದೆ ಓದಿ ಬಿಕಾಂ ಮಾಡಿದೋನು, ಈಗ ಯಳಂದೂರಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ. ಅವಳು ಪಾಠದ ಪುಟದ ಫೋಟೋ ಕಳಿಸ್ತಾಳೆ, ಅವನು ಓದ್ಕೊಂಡು ಸನ್ನೆ ಭಾಷೇಲಿ ಹೇಳಿ ವೀಡಿಯೋ ಮಾಡಿ ಕಳಿಸ್ತಾನೆ. ಮೊದಲು ಫೋನಿನಲ್ಲಿ ಯಾವನೋ ಗಂಡಸು ಕೈ ಆಡಿಸೋದು, ಇವಳು ನಗೋದು ನೋಡಿ ನನಗೆ ಅನುಮಾನ ಬಂತು. ಹೇಳದೆ ಕೇಳದೆ ಬಸ್ ಹತ್ತಿ ಮಾಂಬಳ್ಳಿಗೇ ಹೋದೆ. ನೋಡ್ತೀನಿ, ಸುಣ್ಣದ ಗೋಡೆ ಮುಂದೆ ಅವನು ನಿಂತಿದ್ದಾನೆ, ಅವನ ಹೆಂಡ್ತಿ ಕಂಕುಳಲ್ಲಿ ಕೂಸು ಎತ್ಕೊಂಡು ಇನ್ನೊಂದು ಕೈಲಿ ಫೋನ್ ಹಿಡ್ಕೊಂಡು ವೀಡಿಯೋ ತೆಗೀತಾ ಇದ್ದಾಳೆ. ನನಗೆ ಕಾಫಿ ಕೊಟ್ರು, ಕೂರಿಸಿ ಪಾಠ ತೋರಿಸಿದ್ರು. ಅವತ್ತು ಹಣದುಬ್ಬರದ ಪಾಠ. ಜೇಬಿಂದ ಒಂದು ನೋಟು ತೆಗೆದ ಹಂಗೆ ಮಾಡಿ, ಚೀಲದ ತುಂಬ ತರಕಾರಿ ಹೊತ್ಕೊಂಡ ಹಂಗೆ ತೋರಿಸ್ದ. ಆಮೇಲೆ ಅದೇ ನೋಟು, ಅದೇ ಚೀಲ, ತರಕಾರಿ ಮಾತ್ರ ತಳದಲ್ಲಿ. ಮುಖ ಸಪ್ಪೆ ಮಾಡ್ಕೊಂಡು ಚೀಲದೊಳಗೆ ಇಣುಕಿ ನೋಡಿದ. ಎಸ್ಸೆಸ್ಸೆಲ್ಸಿ ಓದಿದ ನನಗೇ ಅರ್ಥ ಆಯ್ತು ಕಣಪ್ಪ, ಇನ್ನು ಅವಳಿಗೆ ಆಗದಿರ್ತದ?

ನಾನು ಸುಮ್ಮನಿರೋಳಲ್ಲ, ನಿನಗೆ ಗೊತ್ತು. ಮಾರನೇ ವಾರವೇ ಪ್ರಿನ್ಸಿಪಾಲನ ಮುಂದೆ ಹೋಗಿ ಕೂತೆ. ‘ಸಾ, ನೀವು ಪಾಠದ ವೀಡಿಯೋ ಮಾಡಿ, ಪಕ್ಕದಲ್ಲಿ ಈ ಬಸವರಾಜುನ ನಿಲ್ಲಿಸಿ, ಸನ್ನೇಲಿ ಅವನು ಹೇಳಲಿ, ಕೆಳಗೆ ಅಕ್ಷರದಲ್ಲಿ ಹಾಕಿ, ಮುಗೀತು’ ಅಂದೆ. ಪ್ರಿನ್ಸಿಪಾಲ ಕನ್ನಡಕದ ಮೇಲಿಂದ ನನ್ನನ್ನ ನೋಡ್ದ. ‘ಅಮ್ಮಾ, ಆ ಹುಡುಗನಿಗೇ ಮಾತು ಬರೋದಿಲ್ಲ, ಅವನು ಇನ್ನೊಬ್ಬರಿಗೆ ಪಾಠ ಹೆಂಗೆ ಹೇಳ್ತಾನೆ?’ ಅಂದ. ಥೂ! ಕೊಳ್ಳೇಗಾಲದಲ್ಲಿ ಈಜು ಕಲಿಸೋಕೆ ಮೀನಿಗೆ ಅರ್ಹತೆ ಇಲ್ಲ ಅಂದ ಹಂಗಾಯ್ತು. ಇಷ್ಟು ಹೇಳಿ ಅವನು ಗಂಟೆ ಒತ್ತಿ ಪ್ಯೂನ್ ಕರೆದು ನನಗೆ ಬಾಗಿಲು ತೋರಿಸ್ದ. ‘ನಾವು ವ್ಯವಸ್ಥೆ ಮಾಡಿದ್ದೀವಿ, ಒಳ್ಳೇ ಅನುಭವ ಇರೋರು’ ಅಂತ ಬಾಗಿಲ ತನಕ ಹೇಳ್ತಾನೇ ಬಂದ.

ಆ ಅನುಭವ ಇರೋರು ಯಾರು ಅಂತ ಕೇಳು. ಪ್ರಿನ್ಸಿಪಾಲನ ನಾದಿನಿ! ಕೊಳ್ಳೇಗಾಲದಲ್ಲಿ ಭರತನಾಟ್ಯದ ಕ್ಲಾಸು ನಡೆಸ್ತಾಳೆ. ಕೈ ಆಡಿಸೋದು ತಾನೇ, ಭರತನಾಟ್ಯದಲ್ಲೂ ಕೈ ಆಡಿಸ್ತಾರೆ, ಸನ್ನೇಲೂ ಕೈ ಆಡಿಸ್ತಾರೆ, ಎರಡೂ ಒಂದೇ ಅಂತ ಆ ಮಹಾನುಭಾವನ ತಲೆಗೆ ಹೊಳೆದಿದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು. ಹೋದ ತಿಂಗಳು ಬಿಡುಗಡೆ ಸಮಾರಂಭ ಮಾಡಿದ್ರು, ಪುಷ್ಪನ ಜೊತೆ ನಾನೂ ಹೋಗಿದ್ದೆ. ಮೂರ್ನಾಲ್ಕು ಜನಕ್ಕೆ ಶಾಲು, ಪೇಟ, ಹಣ್ಣಿನ ಬುಟ್ಟಿ. ಗಂಟೆಗಟ್ಟಲೆ ಭಾಷಣ, ಅದನ್ನ ಅವಳಿಗೆ ತಿಳಿಸೋರು ಒಬ್ಬರಿಲ್ಲ. ಆಮೇಲೆ ಪರದೆ ಮೇಲೆ ವೀಡಿಯೋ ಹಾಕಿದ್ರು. ಪ್ರಭುಸ್ವಾಮಿ ಎಂದಿನಂತೆ ಬೋರ್ಡಿಗೆ ಪಾಠ ಮಾಡ್ತಿದ್ದಾನೆ, ಮೂಲೇಲಿ ಒಂದು ದುಂಡನೆ ಚೌಕಟ್ಟಿನೊಳಗೆ ಆ ಡ್ಯಾನ್ಸ್ ಮೇಡಂ. ಕಣ್ಣಿಗೆ ಕಾಡಿಗೆ, ತಲೆ ತುಂಬ ಕನಕಾಂಬರ. ಪಾಠ ನಿರುದ್ಯೋಗದ್ದು. ಆಯಮ್ಮ ಒಂದು ಸಲ ಹೂವು ಕೀಳ್ತಾಳೆ, ಒಂದು ಸಲ ಜಿಂಕೆ ಓಡಿಸ್ತಾಳೆ, ಇನ್ನೊಂದು ಸಲ ಕೃಷ್ಣನ ಹಂಗೆ ಕೊಳಲು ಊದ್ತಾಳೆ. ಅಯ್ಯೋ ಶಿವನೇ, ಕೊಳಲು! ಪುಷ್ಪ ನನ್ನ ತೊಡೆ ಗಿಲ್ಲಿದ್ಲು. ಬಾಯಿಗೆ ಸೆರಗು ತುರುಕ್ಕೊಂಡು ಇಬ್ಬರೂ ನಕ್ವಿ. ಮನೆಗೆ ಬಂದು ಅವಳು ಚೂಡಿದಾರ್ ಕೂಡ ಬದಲಾಯಿಸದೆ ಗೋಡೆ ಕಡೆ ತಿರುಗಿ ಮಲಗಿಬಿಟ್ಲು. ಮುಟ್ಟಿ ನೋಡ್ತೀನಿ, ದಿಂಬು ನೆಂದದೆ. ಅವಳನ್ನ ಓದಿಸೋಕೆ ಅಂತ ಬಂದಿದ್ದ ದುಡ್ಡು ಅದು, ಇನ್ನೊಂದು ಸಲ ಬರೋದಿಲ್ಲ. ನನಗೆ ಅವತ್ತು ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಆ ಡ್ಯಾನ್ಸ್ ಮೇಡಮ್ಮನ್ನ ನಾನು ಬೈಯೋದಿಲ್ಲ. ಆಯಮ್ಮ ಸಮಾರಂಭದ ದಿನವೇ ಕಾರಿಡಾರಿನಲ್ಲಿ ನಮ್ಮ ಎದುರಿಗೆ ಬಂದು ‘ನನಗೆ ಈ ಭಾಷೆ ಗೊತ್ತಿಲ್ಲ ಕಣ್ರಿ, ನಮ್ಮ ಭಾವನೇ ಬಲವಂತ ಮಾಡಿದ್ರು, ಸುಮ್ನೆ ಕೈ ಆಡಿಸಿ ಸಾಕು ಅಂದ್ರು’ ಅಂತ ಮೆಲ್ಲಗೆ ಹೇಳಿದ್ಲು. ಹೇಳೋದನ್ನ ನನಗೆ ಹೇಳಿ ಏನು ಪ್ರಯೋಜನ? ಭಾವನ ಎದುರಿಗೆ ಹೇಳಬೇಕಿತ್ತು. ಅಷ್ಟು ಬೆನ್ನುಮೂಳೆ ಆ ಮನೇಲಿ ಯಾರಿಗೂ ಇದ್ದ ಹಂಗಿಲ್ಲ.

ಹೋದ ವಾರ ಹೊರಗಿಂದ ತಪಾಸಣೆ ತಂಡ ಬಂತು. ತಪಾಸಣೆ ಅಂದ್ರೆ ಏನು ಅಂತ ನನಗೆ ಹೇಳಿಕೊಡಬೇಕಾ? ಹಣ್ಣು ಹಣ್ಣು ಮುದುಕಿ ಆಗೋ ತನಕ ಅಂಗನವಾಡಿ ನಡೆಸಿದೋಳು ನಾನು. ಸೂಪರ್‌ವೈಸರ್ ಬರೋ ದಿನ ನಾವೂ ಮಕ್ಕಳ ಮೂಗು ಒರೆಸ್ತಿದ್ವಿ, ಗೋಡೆಗೆ ಹೊಸ ಚಾರ್ಟ್ ಹಚ್ತಿದ್ವಿ. ಆದ್ರೆ ಮೊಟ್ಟೆ ಅಂತ ಹೇಳಿ ಆಲೂಗಡ್ಡೆ ಕೊಡ್ತಿರಲಿಲ್ಲ. ಇಲ್ಲಿ ಹಿಂದಿನ ದಿನವೇ ಪುಷ್ಪನ್ನ ಆಫೀಸಿಗೆ ಕರೆದು ಏನು ಮಾಡಬೇಕು ಅಂತ ಅಭ್ಯಾಸ ಮಾಡಿಸಿದ್ರು. ಮೊದಲು ಕೈ ಮುಗಿಯೋದು, ಆಮೇಲೆ ಪರದೆ ಕಡೆ ತೋರಿಸೋದು, ಆಮೇಲೆ ಹೆಬ್ಬೆರಳು ಎತ್ತಿ ನಗೋದು. ಕೋತಿ ಕುಣಿಸೋರು ಕೂಡ ಕೋತಿಗೆ ಮೊದಲು ಒಂದು ಬಾಳೆಹಣ್ಣು ಕೊಡ್ತಾರೆ. ಇವರು ಅದನ್ನೂ ಕೊಡಲಿಲ್ಲ. ಪೋಷಕರು ಯಾರಾದ್ರೂ ಬಂದು ಹಾಲ್‌ನಲ್ಲಿ ಕೂತಿರಬೇಕು, ಫೋಟೋಗೆ ಚೆನ್ನಾಗಿರ್ತದೆ ಅಂದ್ರು. ಅದಕ್ಕೆ ನಾನು ರೇಷ್ಮೆ ಸೀರೆ ಉಟ್ಕೊಂಡು ಹೋದೆ.

ತಂಡದಲ್ಲಿ ಮುಖ್ಯಸ್ಥರು ಅಂತ ಒಬ್ಬ ವಯಸ್ಸಾದವರು, ಜೊತೆಗೆ ಇಬ್ಬರು ಮೇಡಂ. ವೀಡಿಯೋ ಹಾಕಿದ್ರು. ಪ್ರಭುಸ್ವಾಮಿಯ ಧ್ವನಿ ಮೈಕಲ್ಲಿ ಗಣಗಣ ಅಂತಿತ್ತು, ಎಲ್ಲರೂ ತಲೆದೂಗ್ತಾ ಕೇಳಿದ್ರು. ಆ ಧ್ವನಿ ಕೇಳ್ತಾ ಇದ್ರೆ ಮೂಲೇಲಿ ಆಡೋ ಕೈ ಅದನ್ನೇ ಹೇಳ್ತಿದೆ ಅಂತ ಯಾರಿಗೆ ಬೇಕಾದ್ರೂ ಅನ್ನಿಸ್ತದೆ. ಮುಗಿದ ಮೇಲೆ ಒಬ್ಬ ಮೇಡಂ ಪುಷ್ಪನ್ನ ಎದುರಿಗೆ ಕರೆದು, ಈ ಪಾಠಗಳಿಂದ ನಿನಗೆ ಸಹಾಯ ಆಗ್ತಿದೆಯಾ ಅಂತ ಕೇಳಿದ್ರು. ನಾನು ಕೂತಲ್ಲಿಂದಲೇ ಕೈಲಿ ಅವಳಿಗೆ ಪ್ರಶ್ನೆ ಹೇಳ್ದೆ. ಅವಳು ಕೈ ಮುಗೀಲಿಲ್ಲ, ಹೆಬ್ಬೆರಳೂ ಎತ್ತಲಿಲ್ಲ. ನಿಂತಲ್ಲೇ ಸನ್ನೇಲಿ ಹೇಳೋಕೆ ಶುರು ಮಾಡಿದ್ಲು. ಇದು ನನ್ನ ಭಾಷೆ ಅಲ್ಲ, ಇದರಲ್ಲಿ ಪಾಠ ಇಲ್ಲ, ನನಗೆ ಪಾಠ ಬೇಕು, ಬಸವರಾಜು ಥರ ಹೇಳೋರು ಬೇಕು, ನನ್ನ ಹಿಂದೆ ಇನ್ನೂ ಮಕ್ಕಳು ಬರ್ತಾರೆ ಅಂದ್ಲು. ಎಷ್ಟು ಮರ್ಯಾದೆಯಾಗಿ ಹೇಳಿದ್ಲು ಅಂದ್ರೆ ನಾನಾಗಿದ್ರೆ ಹಂಗೆ ಹೇಳ್ತಿರಲಿಲ್ಲ. ಆ ಮೇಡಂ ಪ್ರಿನ್ಸಿಪಾಲನ ಕಡೆ ನೋಡಿದ್ರು. ಪ್ರಿನ್ಸಿಪಾಲ ಪಕ್ಕದಲ್ಲೇ ಕೂತಿದ್ದ ನಾದಿನಿ ಕಡೆ ನೋಡ್ದ. ಆಯಮ್ಮನ ಮುಖ ಬಿಳುಚಿಕೊಂಡಿತು. ‘ಕಾಲೇಜಿಗೆ ಚಿರಋಣಿ ಅಂತಿದ್ದಾಳೆ ಸರ್, ಎಲ್ಲರಿಗೂ ಧನ್ಯವಾದ ಹೇಳ್ತಿದ್ದಾಳೆ’ ಅಂದುಬಿಟ್ಲು! ಹಾಲ್ ತುಂಬ ಚಪ್ಪಾಳೆ.

ಚಪ್ಪಾಳೆ ಹೊಡೆಯೋ ಕೈಗಳನ್ನ ನೋಡಿ ಪುಷ್ಪ ಕಕ್ಕಾಬಿಕ್ಕಿಯಾದ್ಲು. ತಾನು ಹೇಳಿದ ಮಾತಿಗೆ ಯಾರೂ ಚಪ್ಪಾಳೆ ಹೊಡೆಯೋ ಹಂಗಿರಲಿಲ್ಲವಲ್ಲ. ನನ್ನ ಕಡೆ ನೋಡಿದ್ಲು. ಆಯಮ್ಮ ಏನಂದ್ಲು ಅಂತ ನಾನು ಕೈಲಿ ಹೇಳ್ದೆ. ನಾನು ಎದ್ದು ನಿಂತು ಗದ್ದಲ ಎಬ್ಬಿಸೋಣ ಅಂತ ಸೆರಗು ಸಿಕ್ಕಿಸ್ಕೊಳ್ತಿದ್ದೆ, ಅವಳು ಕೂತ್ಕೋ ಅಂತ ಕೈ ತೋರಿಸಿದ್ಲು. ನೆಟ್ಟಗೆ ಲ್ಯಾಪ್‌ಟಾಪಿನ ಹತ್ರ ಹೋದ್ಲು. ಸೌಂಡ್ ಪೂರ್ತಿ ತೆಗೆದುಹಾಕಿ ಅದೇ ವೀಡಿಯೋ ಮೊದಲಿಂದ ಹಾಕಿದ್ಲು. ಕಂಪ್ಯೂಟರಿನವನು ಎದ್ದು ಬಂದ, ಮುಖ್ಯಸ್ಥರು ಇರಲಿ ಬಿಡಿ ಅಂತ ಕೈ ಸನ್ನೆ ಮಾಡಿದ್ರು. ಹಾಲ್‌ನಲ್ಲಿ ಫ್ಯಾನ್ ತಿರುಗೋ ಸದ್ದು ಬಿಟ್ರೆ ಇನ್ನೇನಿಲ್ಲ. ಪರದೆ ಮೇಲೆ ಪ್ರಭುಸ್ವಾಮಿಯ ಬೆನ್ನು. ಮೂಲೇಲಿ ಹೂವು ಕೀಳೋದು, ಜಿಂಕೆ ಓಡೋದು, ಕೊಳಲು ಊದೋದು. ಎಲ್ಲರೂ ನೋಡಿದ್ರು, ನೋಡ್ತಾನೇ ಇದ್ರು. ಒಬ್ಬರು ಕೆಮ್ಮಿದ್ರು. ಆಗ ಪುಷ್ಪ ಸೀಮೆಸುಣ್ಣ ತಕಂಡು ಪಕ್ಕದ ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದ್ಲು: ‘ಇದು ಯಾವ ಪಾಠ? ದಯವಿಟ್ಟು ಹೇಳಿ.’ ಬರೆದು, ಸೀಮೆಸುಣ್ಣ ಮುಖ್ಯಸ್ಥರ ಕಡೆ ಚಾಚಿ ನಿಂತ್ಕೊಂಡ್ಲು.

ಅಷ್ಟು ಡಿಗ್ರಿಗಳು, ಅಷ್ಟು ಕನ್ನಡಕಗಳು, ಒಬ್ಬರಾದ್ರೂ ಸೀಮೆಸುಣ್ಣ ಈಸ್ಕೊಳ್ಳಲಿಲ್ಲ. ಹಿಂದಿನ ಬೆಂಚಿನಲ್ಲಿ ಯಾವಳೋ ಹುಡುಗಿ ಕಿಸಕ್ಕನೆ ನಕ್ಕಳು, ಆಮೇಲೆ ಇಡೀ ಹಾಲ್ ನಕ್ಕಿತು. ಪ್ರಭುಸ್ವಾಮಿ ಮಾತ್ರ ಪರದೆ ಮೇಲಿನ ತನ್ನ ಬೋಳು ತಲೆಯನ್ನ ಮೊದಲ ಸಲ ನೋಡೋನ ಹಂಗೆ ನೋಡ್ತಿದ್ದ. ನನ್ನ ಹೊಟ್ಟೆ ತಣ್ಣಗಾಯ್ತು ಕಣ್ಲಾ! ಈ ಹುಡುಗಿ ನಮ್ಮ ಮನೇದು ಅಂತ ಕೂಗಿ ಹೇಳೋಣ ಅನ್ನಿಸ್ತು. ಅವಳವ್ವ ಇದ್ದಿದ್ರೆ ಅಲ್ಲೇ ದೃಷ್ಟಿ ತೆಗೀತಿದ್ಲು.

ಆದ್ರೆ ದೊಡ್ಡ ಮನುಷ್ಯರ ನಾಚಿಕೆ ಎಷ್ಟು ಹೊತ್ತು ಇರ್ತದೆ? ಊಟದ ಟೇಬಲ್ ತನಕ. ಮುಖ್ಯಸ್ಥರು ‘ಗಮನಿಸ್ತೀವಿ, ಗಮನಿಸ್ತೀವಿ’ ಅಂತ ಎದ್ರು. ಹನೂರಿಂದ ಅಡುಗೆಯವರನ್ನ ಕರೆಸಿ ಹೋಳಿಗೆ ಮಾಡಿಸಿದ್ರಲ್ಲ, ಅದನ್ನ ಗಮನಿಸಿ ತುಪ್ಪ ಹಾಕಿಸ್ಕೊಂಡು ಉಂಡು ಕಾರು ಹತ್ತಿದ್ರು. ಅವರು ಏನು ಬರ್ಕೊಂಡು ಹೋದ್ರೋ ಮಾದಪ್ಪನಿಗೇ ಗೊತ್ತು. ಕಾರು ಗೇಟು ದಾಟಿದ್ದೇ ತಡ, ಪ್ರಿನ್ಸಿಪಾಲ ನಮ್ಮಿಬ್ಬರನ್ನ ಕೂರಿಸ್ಕೊಂಡು ರೇಗಿದ. ಸಂಸ್ಥೆ ಮಾನ ತೆಗೆದ್ಲು, ಎಲ್ಲ ಸೌಲಭ್ಯ ಕೊಟ್ಟರೂ ಇವಳಿಗೆ ಕಲಿಯೋ ಶಕ್ತಿ ಇಲ್ಲ, ಡಿಗ್ರಿಗೆ ಇವಳು ಲಾಯಕ್ಕಲ್ಲ, ಟಿಸಿ ತಕಂಡು ಹೋಗಲಿ ಅಂದ. ಕಲಿಯೋ ಶಕ್ತಿ ಇಲ್ಲವಂತೆ! ಇವನ ನಿರುದ್ಯೋಗದ ಪಾಠವನ್ನ ಕೊಳಲಿನಿಂದ ಕಲೀಬೇಕಿತ್ತೇನೋ. ಪುಷ್ಪ ಟಿಸಿ ಬೇಡ ಅಂತ ಬರೆದು ಕೊಟ್ಲು. ಅದನ್ನ ಓದದೆ ಪಕ್ಕಕ್ಕಿಟ್ಟು ‘ಇದೆಲ್ಲ ಅವರಪ್ಪನ ಜೊತೆ ಮಾತಾಡ್ತೀನಿ’ ಅಂದ. ನನಗೆ ‘ನೀವು ಬರೀ ಅತ್ತೆ, ಸುಮ್ಮನಿರಿ’ ಅಂದ. ಇಪ್ಪತ್ತು ತುಂಬಿದ ಹೆಣ್ಣುಮಗಳು ಎದುರಿಗೇ ಕೂತಿದ್ದಾಳೆ, ಅವಳ ಮಾತು ಬೇಡ, ಕಾಡಿನಲ್ಲಿರೋ ನಿನ್ನ ಮಾತು ಬೇಕು. ಯಾಕೆ ಗೊತ್ತಾ? ನೀನು ಇಲ್ಲ ಅನ್ನೋದಿಲ್ಲ ಅಂತ ಅವನಿಗೆ ಗೊತ್ತು. ನೀನೇ ಬಂದು, ನನ್ನ ಮಗಳಿಗೆ ಓದು ಆಗ್ತಿಲ್ಲ, ಕರ್ಕೊಂಡು ಹೋಗ್ತೀನಿ ಅಂದ್ರೆ ಕಾಲೇಜಿನ ಮೇಲೆ ತಪ್ಪು ಬರೋದಿಲ್ಲ, ಅನುದಾನಕ್ಕೂ ಲೆಕ್ಕ ಸರಿಹೋಯ್ತದೆ.

ಶಾಂತ, ನಿನಗೆ ನೋವಾಗ್ತದೆ ಅಂತ ಗೊತ್ತಿದ್ದೂ ಒಂದು ಮಾತು ಬರೀತೀನಿ. ಕಾಡಿನಲ್ಲಿ ಆನೆ ಕಿವಿ ಬೀಸಿದ ರೀತಿ ನೋಡಿ ಅದಕ್ಕೆ ಸಿಟ್ಟು ಬಂದದೆಯೋ ಇಲ್ಲವೋ ಅಂತ ಹೇಳ್ತೀಯ. ಹುಟ್ಟಿಸಿದ ಮಗಳ ಕೈ ಏನು ಹೇಳ್ತದೆ ಅಂತ ನಿನಗೆ ಗೊತ್ತಿಲ್ಲ. ಊಟ ಆಯ್ತಾ, ಮಲಗು, ಬಾ, ಇಷ್ಟರ ಮೇಲೆ ಅವಳ ಜೊತೆ ನೀನು ಏನು ಮಾತಾಡಿದ್ದೀಯ ಹೇಳು? ಬಂದಾಗಲೆಲ್ಲ ಒಂದು ಕೈಚೀಲ ಹಣ್ಣು ಅವಳ ಮುಂದೆ ಇಟ್ಟು, ನನ್ನ ಕಡೆ ತಿರುಗಿ ‘ಏನಂತವಳೆ?’ ಅಂತೀಯ. ಅವಳು ಎದುರಿಗೆ ಕೂತಿದ್ರೂ ನನ್ನನ್ನ ಕೇಳ್ತೀಯ. ಸನ್ನೇಲಿ ನಿನಗೆ ಅವಳಿಟ್ಟಿರೋ ಹೆಸರು ಏನು ಅಂತ ನಾನು ಇಲ್ಲೀವರೆಗೆ ಹೇಳಿರಲಿಲ್ಲ. ಹೆಗಲಿಗೆ ಚೀಲ ಏರಿಸ್ಕೊಂಡು ಬೆನ್ನು ತಿರುಗಿಸೋದು. ಸಿಟ್ಟಿಗೆ ಇಟ್ಟಿದ್ದಲ್ಲ ಅದು, ಚಿಕ್ಕೋಳಿದ್ದಾಗ ಹಾಸ್ಟೆಲ್ ಗೇಟಿನಲ್ಲಿ ನಿಂತು ಅವಳು ಕಂಡಿದ್ದನ್ನೇ ಇಟ್ಕೊಂಡಿದ್ದಾಳೆ. ಆ ಪ್ರಭುಸ್ವಾಮಿಯೂ ಬೆನ್ನು ತೋರಿಸ್ದ ಅಂತ ನಾನು ಅಷ್ಟೊಂದು ಉಗಿದೆನಲ್ಲ, ಅವನು ಪರರ ಮಗ. ನಿನ್ನನ್ನ ಏನು ಮಾಡ್ಲಿ?

ಹಂಗಂತ ನೀನು ಕೆಟ್ಟೋನು ಅಂತಲ್ಲ. ಅವಳ ಫೀಸಿಗೆ ಅಂತ ನೀನು ಚಪ್ಪಲಿಗೆ ಹೊಲಿಗೆ ಹಾಕಿಸ್ಕೊಂಡೇ ವರ್ಷ ಕಳೆದಿದ್ದು ನನಗೆ ಗೊತ್ತು, ಅವಳಿಗೂ ಗೊತ್ತು. ಪ್ರೀತಿ ಇಲ್ಲ ಅಂತ ಯಾರು ಅಂದ್ರು? ನಿನ್ನ ಪ್ರೀತಿ ಬಾಯಿ ಸತ್ತ ಪ್ರೀತಿ, ಅದರಿಂದ ಅವಳಿಗೆ ಪರೀಕ್ಷೆ ಬರೆಯೋಕೆ ಆಗೋದಿಲ್ಲ. ಸೋಮವಾರ ಆ ಪ್ರಿನ್ಸಿಪಾಲ ಕುರ್ಚಿ ಎಳೆದು ಕೂರಿಸ್ತಾನೆ, ಕಾಫಿ ತರಿಸ್ತಾನೆ, ‘ನಿಮ್ಮ ಕಷ್ಟ ನಮಗೆ ಗೊತ್ತಾಗ್ತದೆ’ ಅಂತಾನೆ. ಕೋಲೆ ಬಸವನ ಹಂಗೆ ತಲೆ ಆಡಿಸಿ ಬಂದುಬುಟ್ಯೋ, ನಮ್ಮಪ್ಪನ ಆಣೆ, ಈ ಮನೆ ಹೊಸಿಲು ತುಳೀಬೇಡ. ಟಿಸಿ ಬೇಡ ಅನ್ನು. ನನ್ನ ಮಗಳು ಪರೀಕ್ಷೆ ಬರೀತಾಳೆ ಅನ್ನು. ಇಷ್ಟು ಹೇಳೋಕೆ ದೊಡ್ಡ ಓದು ಬೇಕಾಗಿಲ್ಲ. ಪರೀಕ್ಷೆಗೆ ಬೇಕಾದ ಪಾಠಗಳನ್ನ ಬಸವರಾಜು ಮಾಡಿ ಕಳಿಸ್ತಾ ಇದ್ದಾನೆ, ಅವಳು ಓದ್ತಾ ಇದ್ದಾಳೆ. ಹಾಲ್ ಟಿಕೆಟ್ಟು ಒಂದು ಅವಳ ಕೈಗೆ ಬಂದ್ರೆ ಸಾಕು.

ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ನಡ್ಕೊಂಡು ಹೋಗೋ ಜನ ಶುರುವಾದ್ರೆ ಬಸ್ಸಿನಲ್ಲಿ ಕಾಲಿಡೋಕೆ ಜಾಗ ಇರೋದಿಲ್ಲ, ಬರೋದಿದ್ರೆ ಭಾನುವಾರವೇ ಹೊರಡು. ಕ್ಯಾಂಪಿನ ಬೆಳ್ಳಯ್ಯನಿಗೆ ನಾನು ಕೇಳಿದೆ ಅಂತ ಹೇಳು, ಅವನು ಕೊಟ್ಟ ಜೇನು ಚೆನ್ನಾಗಿತ್ತು. ಮಂಡಿಗೆ ಬಿಸಿ ಉಪ್ಪಿನ ಶಾಖ ಕೊಟ್ಕೊ. ಬೈದಿದ್ದೀನಿ ಅಂತ ಊಟ ಬಿಡಬೇಡ, ಬೈಯೋಕೆ ನನಗೆ ಉಳಿದಿರೋ ತಮ್ಮ ನೀನೊಬ್ಬನೇ. ಮಾದಪ್ಪ ನಿನಗೆ ಆಯಸ್ಸು, ಆರೋಗ್ಯದ ಜೊತೆಗೆ ಸ್ವಲ್ಪ ಬಾಯಿಯನ್ನೂ ಕೊಡಲಿ.

ಇಂತಿ ನಿನ್ನ ಅಕ್ಕ,
ಪುಟ್ಟಮಲ್ಲಮ್ಮ

ತಾ.ಕ.: ಬೆಳಗಿನ ಬಸ್ಸಿನ ಕಂಡಕ್ಟರ್ ಕೈಲಿ ಕೊಡೋಣ ಅಂತ ಕಾಗದ ಮಡಚ್ತಿದ್ದೆ, ಪುಷ್ಪ ಕಿತ್ಕೊಂಡು ಪೂರ್ತಿ ಓದಿದ್ಲು. ಚೆನ್ನಾಗಿ ಬರೆದಿದ್ದೀಯ ಅಂತಾಳೆ ಅಂದ್ಕೊಂಡೆ. ಸಿಟ್ಟು ಮಾಡ್ಕೊಂಡ್ಲು. ಪ್ರಿನ್ಸಿಪಾಲ್ ನನ್ನ ಪರವಾಗಿ ಮಾತಾಡ್ತಾನೆ, ಆ ಡ್ಯಾನ್ಸ್ ಮೇಡಂ ನನ್ನ ಪರವಾಗಿ ಮಾತಾಡಿದ್ಲು, ಈಗ ಅಪ್ಪನ ಹತ್ರಾನೂ ನನ್ನ ಪರವಾಗಿ ನೀನೇ ಮಾತಾಡ್ತೀಯಾ ಅಂದ್ಲು. ನಾಳೆ ಗುರುವಾರ ನೀನು ರೇಷನ್ನಿಗೆ ಊರೊಳಕ್ಕೆ ಇಳಿಯೋ ದಿನ ಅಂತ ಅವಳಿಗೆ ಗೊತ್ತು. ಬಟ್ಟೆ ಚೀಲಕ್ಕೆ ತುಂಬ್ಕೊಂಡಿದ್ದಾಳೆ, ತಾನೇ ಬರ್ತಾಳಂತೆ. ನಾನು ಜೊತೆಗೆ ಬರ್ತೀನಿ ಅಂದ್ರೆ ಬೇಡ ಅಂದ್ಲು. ಹಂಗಾಗಿ ಈ ಕಾಗದ ನಿನ್ನ ಕೈಗೆ ಕೊಟ್ಟೋಳು ಈಗ ನಿನ್ನ ಎದುರಿಗೇ ನಿಂತಿದ್ದಾಳೆ. ಸೋಮವಾರ ಏನು ಹೇಳಬೇಕು ಅಂತ ನನ್ನನ್ನ ಕೇಳಬೇಡ, ಅವಳನ್ನ ಕೇಳು. ಕಾಗದ ಕೆಳಗಿಡು, ಅವಳ ಕೈ ನೋಡು, ಮುಖ ನೋಡು. ಅರ್ಥ ಆಗಲಿಲ್ಲ ಅಂದ್ರೆ ಇನ್ನೊಂದು ಸಲ ಹೇಳು ಅನ್ನು, ಹೇಳ್ತಾಳೆ.